ಹಿಮಬಂಡೆ ಕಳಚಿತು ಅನ್ನುವ ಸುದ್ದಿಯನ್ನು ನೀವೇ ಪರೀಕ್ಷಿಸುವುದು ಹೇಗೆ?

ವರ್ಷಕ್ಕೆ ಒಂದು ಸಲವಾದರೂ ಈ ಸುದ್ದಿ ಕಣ್ಣಿಗೆ ಬೀಳುತ್ತದೆ. ಅಂಟಾರ್ಕ್ಟಿಕಾದಲ್ಲಿ ಭಾರಿ ಹಿಮಬಂಡೆಯೊಂದು ಕಳಚಿಕೊಂಡಿದೆ, ಅದು ಇಂಥ ನಗರದ ಇಷ್ಟು ಪಟ್ಟು ದೊಡ್ಡದು, ಅಂತ. ಜೊತೆಗೆ ಬಿಳಿ ಹಾಸಿನ ಮೇಲೆ ಎಳೆದ ಗೆರೆಯಂಥ ಬಿರುಕಿನ ಫೋಟೊ. ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಇನ್ನು ಸಮುದ್ರ ಉಕ್ಕುತ್ತದಾ? ಭೂಮಿ ಬಿಸಿಯಾಗಿದ್ದಕ್ಕೇ ಹೀಗಾಯ್ತಾ?

ಈ ಚಿತ್ರಗಳನ್ನು ನಾನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ನನಗೆ ತಿಳಿದ ಮಟ್ಟಿಗೆ, ತೇಲಿಹೋದ ಬಂಡೆಗಿಂತ ಅದು ಬಿಟ್ಟುಹೋದ ಅಂಚನ್ನು ನೋಡಿದರೆ ಜಾಸ್ತಿ ಗೊತ್ತಾಗುತ್ತದೆ. ಆ ಅಂಚು ಮತ್ತೆ ಮುಂದೆ ಬರುತ್ತದಾ, ಇಲ್ಲಾ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತದಾ? ಇದನ್ನು ಮನೆಯಲ್ಲೇ ಕೂತು ನೋಡಬಹುದು. ಒಂದು ಕಂಪ್ಯೂಟರ್, ಇಂಟರ್‌ನೆಟ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಆಮೇಲೆ ಒಂದು ಲೋಟ ನೀರೂ ಬೇಕಾಗುತ್ತದೆ.

ಹೆಜ್ಜೆ 1: ನೋಡುತ್ತಿರುವುದು ಏನು ಅಂತ ಗುರುತಿಸಿ

ಹಿಮನದಿ ನಿಜಕ್ಕೂ ಹರಿಯುತ್ತದೆ. ವರ್ಷವರ್ಷವೂ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಆ ಗಟ್ಟಿ ರಾಶಿ ಇಳಿಜಾರಿನಲ್ಲಿ ಮೆಲ್ಲಗೆ ಜಾರುತ್ತಾ ಕೆಳಗೆ ಬರುತ್ತದೆ. ಕೆಲವು ಹಿಮನದಿಗಳು ನೆಲದ ಮೇಲೇ ಮುಗಿದುಹೋಗುತ್ತವೆ. ಅಲ್ಲಿ ಬಂಡೆ ಕಳಚುವ ಮಾತಿಲ್ಲ, ಕರಗುವುದಷ್ಟೇ. ಕೆಲವು ಸಮುದ್ರದ ತಳಕ್ಕೆ ಕಾಲೂರಿ ಗೋಡೆಯ ಹಾಗೆ ನಿಲ್ಲುತ್ತವೆ. ಇನ್ನು ಕೆಲವು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತಾ ಮುಂದಕ್ಕೆ ಚಾಚಿಕೊಳ್ಳುತ್ತವೆ. ಆ ತೇಲುವ ದಪ್ಪ ಹಾಸೇ ಐಸ್ ಶೆಲ್ಫ್.

ಹಿಮ ನೆಲ ಬಿಟ್ಟು ತೇಲಲು ಶುರು ಮಾಡುವ ಜಾಗಕ್ಕೆ ಗ್ರೌಂಡಿಂಗ್ ಲೈನ್ ಅನ್ನುತ್ತಾರೆ. ನಾವು ಅದನ್ನು ನೆಲ ಬಿಡುವ ಗೆರೆ ಅನ್ನೋಣ. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬಂಡೆ ಕಳಚುವುದಕ್ಕೆ ಇಂಗ್ಲಿಷಿನಲ್ಲಿ ಕಾವಿಂಗ್ ಅಂತಾರೆ. ಅಂದರೆ ಕರು ಹಾಕುವುದು. ಎಷ್ಟು ಚೆಂದದ ಮಾತು ಅಲ್ವಾ? ತಾಯಿ ಹಿಮದಿಂದ ಮರಿ ಹಿಮ ಬೇರೆಯಾಗುತ್ತದೆ. ಹಸು ಕರು ಹಾಕುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಮೇಲಿಂದ ಹಿಮ ಬರುತ್ತಲೇ ಇದ್ದರೆ ತುದಿ ಎಲ್ಲೋ ಒಂದು ಕಡೆ ಮುರಿಯಲೇಬೇಕು.

ಹೆಜ್ಜೆ 2: ಬಿರುಕನ್ನು ಓದಲು ಕಲಿಯಿರಿ

ಸಮುದ್ರಕ್ಕೆ ಇಳಿಯುವ ಹಿಮನದಿಯ ತುದಿ ಸಾಮಾನ್ಯವಾಗಿ ಉಳಿದ ಭಾಗಕ್ಕಿಂತ ಬೇಗ ಓಡುತ್ತದೆ. ಮುಂದಿನದು ಎಳೆಯುತ್ತದೆ, ಹಿಂದಿನದು ಹಿಡಿದುಕೊಳ್ಳುತ್ತದೆ. ಈ ಎಳೆದಾಟದಲ್ಲಿ ಮೇಲ್ಮೈ ಸೀಳುತ್ತದೆ. ಕಾಲೂರಿ ನಿಂತ ಗೋಡೆಗೆ ಇನ್ನೂ ಒಂದು ಕಷ್ಟವಿದೆ. ನೀರಿನ ಮಟ್ಟದಲ್ಲಿ ಅಲೆಗಳು ಅದನ್ನು ಕೊರೆಯುತ್ತವೆ, ಆಳದಲ್ಲಿ ಬೆಚ್ಚಗಿನ ನೀರು ಬುಡವನ್ನು ಕರಗಿಸುತ್ತದೆ. ಬುಡ ಸವೆದ ಮೇಲೆ ಮೇಲಿನದು ಆಸರೆಯಿಲ್ಲದೆ ಎಷ್ಟು ದಿನ ನಿಂತೀತು? ಮೊದಲು ಹಿಡಿ ಹಿಡಿ ಚೂರು ಉದುರುತ್ತವೆ. ಆಮೇಲೆ ಗುಂಡು ಹಾರಿಸಿದಂಥ ಸದ್ದು. ಆಮೇಲೆ ಇಡೀ ಗೋಡೆಯ ಒಂದು ಹೋಳು ಬಾಗುತ್ತದೆ. ಗ್ರೀನ್‌ಲ್ಯಾಂಡಿನ ದೊಡ್ಡ ಹಿಮನದಿಗಳಲ್ಲಿ ಹೀಗೆ ಮಗುಚುವ ಹೋಳುಗಳು ನೆಲವನ್ನೇ ನಡುಗಿಸುತ್ತವೆ. ಆ ನಡುಕ ದೂರ ದೂರದ ಭೂಕಂಪಮಾಪಕಗಳಲ್ಲೂ ದಾಖಲಾಗುತ್ತದೆ.

ಐಸ್ ಶೆಲ್ಫ್ ಮುರಿಯುವ ಬಗೆ ಬೇರೆ. ಅಲ್ಲಿ ಬಿರುಕು ವರ್ಷಗಟ್ಟಲೆ ಬೆಳೆಯುತ್ತದೆ. ಅಂಟಾರ್ಕ್ಟಿಕಾದ ಲಾರ್ಸೆನ್ ಸಿ ಐಸ್ ಶೆಲ್ಫಿನ ಬಿರುಕು ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಕಪಕ್ಕದ ಹಿಮನದಿಗಳು ಬಂದು ಕೂಡಿಕೊಳ್ಳುವ ಜಾಗದಲ್ಲಿ ಹಿಮ ಸ್ವಲ್ಪ ಮೆದು. ಅಂಥ ಮೆದು ಪಟ್ಟಿ ಎದುರಾದಾಗ ಬಿರುಕು ಅಲ್ಲೇ ತಡೆದು ನಿಲ್ಲುತ್ತಿತ್ತು. ಪಟ್ಟಿ ದಾಟಿತೋ, ಒಂದೇ ನೆಗೆತ. 2017ರ ಮೇ 25ರಿಂದ 31ರವರೆಗಿನ ಆರು ದಿನಗಳಲ್ಲಿ ಅದು 17 ಕಿ.ಮೀ. ಓಡಿತು. ಜುಲೈ ಎರಡನೇ ವಾರದಲ್ಲಿ ಸುಮಾರು 5,800 ಚದರ ಕಿ.ಮೀ. ವಿಸ್ತಾರದ ಬಂಡೆ ಬೇರೆಯಾಯಿತು. ಆ ಬಂಡೆಗೆ ಇಟ್ಟ ಹೆಸರೇ ಎ-68.

ಕೆಲವೊಮ್ಮೆ ಕೊನೆಯ ಏಟು ಎಲ್ಲಿಂದಲೋ ಬರುತ್ತದೆ. 2011ರ ಮಾರ್ಚ್‌ನಲ್ಲಿ ಜಪಾನಿನ ಭೂಕಂಪದಿಂದ ಎದ್ದ ಸುನಾಮಿ, ಸುಮಾರು 13,000 ಕಿ.ಮೀ. ಸಾಗಿ ಅಂಟಾರ್ಕ್ಟಿಕಾದ ಸುಲ್ಜ್‌ಬರ್ಗರ್ ಐಸ್ ಶೆಲ್ಫನ್ನು ಮುಟ್ಟಿತು. ಅಷ್ಟು ಹೊತ್ತಿಗೆ ಅಲೆಯ ಎತ್ತರ ತೀರಾ ಕಡಿಮೆಯಾಗಿತ್ತು. ಆದರೂ ಮೊದಲೇ ಬಿರುಕು ಬಿಟ್ಟಿದ್ದ ಅಂಚು ಮುರಿದು ತೇಲಿಹೋಯಿತು.

ಹೆಜ್ಜೆ 3: ಉಪಗ್ರಹ ಚಿತ್ರ ತೆರೆಯಿರಿ

ನಾಸಾದ ವರ್ಲ್ಡ್‌ವ್ಯೂ ಅನ್ನುವ ತಾಣ ಉಚಿತ. ಅಲ್ಲಿ 2000ನೇ ಇಸವಿಯಿಂದ ಈಚಿನ ಪ್ರತಿದಿನದ ಚಿತ್ರಗಳಿವೆ. ಮೊದಲು ನಕ್ಷೆಯನ್ನು ಅಂಟಾರ್ಕ್ಟಿಕ್ ನೋಟಕ್ಕೆ ಬದಲಿಸಿ. ಎಡಗಡೆ ಮೇಲೆ ಚಾಚಿದ ತೋಳಿನಂಥ ಭಾಗ ಕಾಣುತ್ತದಲ್ಲ, ಅದು ಅಂಟಾರ್ಕ್ಟಿಕ್ ಪರ್ಯಾಯದ್ವೀಪ. ಅದರ ಬಲಮಗ್ಗುಲಲ್ಲೇ ಲಾರ್ಸೆನ್ ಇರುವುದು.

ತಿಂಗಳು ನೋಡಿಕೊಂಡು ಹುಡುಕಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಬೆಳಕು. ಜೂನ್, ಜುಲೈಯಲ್ಲಿ ಹುಡುಕಿದರೆ ಬರೀ ಕತ್ತಲೆ. ಕತ್ತಲಲ್ಲೂ ಮೋಡದಲ್ಲೂ ನೋಡಬೇಕು ಅಂದರೆ ರೇಡಾರ್ ಚಿತ್ರ ಬೇಕು. ಯುರೋಪಿನ ಸೆಂಟಿನೆಲ್-1 ಉಪಗ್ರಹ 2014ರಿಂದ ಅದನ್ನು ಕೊಡುತ್ತಿದೆ. ಕೋಪರ್ನಿಕಸ್ ಬ್ರೌಸರ್ ಅನ್ನುವ ತಾಣದಲ್ಲಿ ಸಿಗುತ್ತದೆ.

ಹೊಸಬರು ಎಡವುವುದು ಒಂದೇ ಕಡೆ: ಮೋಡವೂ ಬಿಳಿ, ಹಿಮವೂ ಬಿಳಿ. ನಾನೂ ಶುರುವಿನಲ್ಲಿ ಮೋಡದ ಅಂಚನ್ನೇ ಹಿಮದ ಅಂಚು ಅಂದುಕೊಂಡು ನೋಟ್‌ಬುಕ್‌ನಲ್ಲಿ ಗೆರೆ ಎಳೆದಿದ್ದೆ. ಇದಕ್ಕೆ ಎರಡು ಉಪಾಯಗಳಿವೆ. ಹಿಂದಿನ ದಿನ, ಮುಂದಿನ ದಿನ ಅಂತ ದಿನಾಂಕ ಬದಲಿಸುತ್ತಾ ಹೋಗಿ. ಮೋಡ ಜಾಗ ಬಿಡುತ್ತದೆ, ಹಿಮ ಇದ್ದಲ್ಲೇ ಇರುತ್ತದೆ. ಇನ್ನೊಂದು, ಚಿತ್ರದ ಬಣ್ಣವನ್ನು ಬ್ಯಾಂಡ್ (ಬೆಳಕಿನ ಪಟ್ಟಿ) 3-6-7 ಅನ್ನುವ ಜೋಡಣೆಗೆ ಬದಲಿಸುವುದು. ಆಗ ಹಿಮ ಕೆಂಪಾಗಿ ಕಾಣುತ್ತದೆ, ಕೆಳಮಟ್ಟದ ಮೋಡ ಬೆಳ್ಳಗೇ ಉಳಿಯುತ್ತದೆ. ತುಂಬಾ ಎತ್ತರದ ಮೋಡಗಳಲ್ಲೂ ಹಿಮದ ಹರಳು ಇರುವುದರಿಂದ ಅವು ಮಾತ್ರ ಸ್ವಲ್ಪ ಗೊಂದಲ ಮಾಡುತ್ತವೆ.

ಈಗ ಅಭ್ಯಾಸಕ್ಕೆ ಒಂದು ಜೋಡಿ ಚಿತ್ರ. ದಿನಾಂಕವನ್ನು 2002ರ ಜನವರಿ 31ಕ್ಕೆ ಇಟ್ಟು, ಲಾರ್ಸೆನ್ ಸಿ ಪಕ್ಕದಲ್ಲಿದ್ದ ಲಾರ್ಸೆನ್ ಬಿ ಐಸ್ ಶೆಲ್ಫ್ ನೋಡಿ. ಬಿಳಿ ಹಾಸಿನ ಮೇಲೆ ಗೀಚಿದಂತೆ ಸಾಲು ಸಾಲು ಕಡುನೀಲಿ ಗೆರೆಗಳಿವೆ. ಕರಗಿದ ನೀರು ನಿಂತ ಹೊಂಡಗಳವು. ಈಗ ಮಾರ್ಚ್ ಮೊದಲ ವಾರಕ್ಕೆ ಹೋಗಿ. ಹಾಸು ಇಲ್ಲ. ಅದಿದ್ದ ಜಾಗದಲ್ಲಿ ತಿಳಿನೀಲಿ ಬಣ್ಣದ ನುಚ್ಚು ಹರಡಿಕೊಂಡಿದೆ. ಸುಮಾರು 3,250 ಚದರ ಕಿ.ಮೀ. ಹಿಮ, 35 ದಿನಗಳಲ್ಲಿ ಪುಡಿ. ಈ ಎರಡು ಚಿತ್ರಗಳನ್ನು ಎಷ್ಟು ಸಲ ನೋಡಿದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಹೊಂಡಗಳೇ ಇಲ್ಲಿ ಸುಳಿವು. ನೀರು ಹಿಮಕ್ಕಿಂತ ಭಾರ. ಬಿರುಕಿನಲ್ಲಿ ನೀರು ತುಂಬಿಕೊಂಡರೆ ಬೆಣೆ ಹೊಡೆದ ಹಾಗೆ ಕೆಳಗೆ ಕೆಳಗೆ ಸೀಳುತ್ತಾ ಹೋಗುತ್ತದೆ. ಒಂದು ಬಿರುಕಾದರೆ ಒಂದು ಬಂಡೆ ಕಳಚುತ್ತಿತ್ತು. ಲಾರ್ಸೆನ್ ಬಿ ಮೇಲೆ ಅಂಥ ಹೊಂಡಗಳು ಸಾವಿರಾರು ಇದ್ದವು.

ಹೆಜ್ಜೆ 4: ಇದು ಮಾಮೂಲಿಯೋ, ಅಲ್ಲವೋ?

ಇನ್ನು ಮುಂದೆ ಸುದ್ದಿ ಬಂದಾಗ ಮೊದಲು ಹಿಮದ ಮೇಲೆ ನೀಲಿ ಹೊಂಡಗಳಿವೆಯಾ ಅಂತ ನೋಡಿ. ಆಮೇಲೆ ಹಿಂದಿನ ವರ್ಷಗಳ ಚಿತ್ರಗಳನ್ನು ತೆಗೆಯಿರಿ. ಅಂಚು ನಿಧಾನವಾಗಿ ಮುಂದೆ ಬರುತ್ತಾ ಇದ್ದು, ಈಗ ಒಂದು ಹೋಳು ಬಿದ್ದಿದೆ ಅಂದರೆ ಅದು ಉಗುರು ಬೆಳೆದು ಕತ್ತರಿಸಿದ ಹಾಗೆ. ಪೂರ್ವ ಅಂಟಾರ್ಕ್ಟಿಕಾದ ಏಮರಿ ಐಸ್ ಶೆಲ್ಫಿನಲ್ಲಿ ಹೀಗೇ ಆಯಿತು. ಅಲ್ಲಿನ ಒಂದು ಭಾಗಕ್ಕೆ ವಿಜ್ಞಾನಿಗಳು ಅಲ್ಲಾಡುವ ಹಲ್ಲು ಅಂತ ಹೆಸರಿಟ್ಟು, ಇನ್ನೇನು ಬೀಳುತ್ತದೆ ಅಂತ ಕಾಯುತ್ತಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಬಿದ್ದದ್ದು ಅದರ ಪಕ್ಕದ ಹೋಳು, ಸುಮಾರು 1,600 ಚದರ ಕಿ.ಮೀ.ನದು. ಇಷ್ಟು ದೊಡ್ಡದಾದರೂ ಅದು ಆ ಶೆಲ್ಫಿನ ಮಾಮೂಲಿ ಲಯವೇ ಅಂತ ಅವರು ಹೇಳಿದರು. 2000ದಲ್ಲಿ ರಾಸ್ ಐಸ್ ಶೆಲ್ಫಿನಿಂದ ಕಳಚಿದ ಬಿ-15 ಅಂತೂ ಸುಮಾರು 11,000 ಚದರ ಕಿ.ಮೀ. ಇತ್ತು. ರಾಸ್ ಐಸ್ ಶೆಲ್ಫ್ ಇವತ್ತಿಗೂ ನಿಂತಿದೆ.

ಈಗ ಲೋಟ ತೆಗೆದುಕೊಳ್ಳಿ. ಐಸ್ ತುಂಡು ಹಾಕಿ, ಅಂಚಿನವರೆಗೆ ನೀರು ತುಂಬಿಸಿ, ಕರಗಲು ಬಿಡಿ. ನೀರು ಚೆಲ್ಲುವುದಿಲ್ಲ. ತೇಲುವ ಹಿಮ ತನ್ನ ಭಾರದಷ್ಟು ನೀರನ್ನು ಮೊದಲೇ ಸರಿಸಿಕೊಂಡಿರುತ್ತದೆ. ಸಮುದ್ರದ ಉಪ್ಪಿನಿಂದಾಗುವ ವ್ಯತ್ಯಾಸ ತೀರಾ ಸಣ್ಣದು. ಹಾಗಾಗಿ ಐಸ್ ಶೆಲ್ಫಿನಿಂದ ಬಂಡೆ ಕಳಚಿದ ಮಾತ್ರಕ್ಕೆ ಸಮುದ್ರ ಏರುವುದಿಲ್ಲ.

ಅದೇ ಲೋಟಕ್ಕೆ ಹೊರಗಿನಿಂದ ಇನ್ನೊಂದು ಐಸ್ ತುಂಡು ಹಾಕಿ ನೋಡಿ. ತಕ್ಷಣ ಚೆಲ್ಲುತ್ತದೆ. ನೆಲದ ಮೇಲಿದ್ದ ಹಿಮ ಸಮುದ್ರಕ್ಕೆ ಇಳಿದರೆ ಆಗುವುದು ಇದೇ. ಐಸ್ ಶೆಲ್ಫ್ ಅನ್ನುವುದು ತೂಬಿಗೆ ಅಡ್ಡ ಕೂತ ಕಲ್ಲಿನ ಹಾಗೆ, ಹಿಂದಿನ ಹಿಮನದಿಗಳನ್ನು ಒತ್ತಿ ಹಿಡಿದಿರುತ್ತದೆ. ಲಾರ್ಸೆನ್ ಬಿ ಹೋದ ಮೇಲೆ ಹಿಂದಿದ್ದ ಕ್ರೇನ್, ಹೆಕ್ಟೋರಿಯಾ ಮುಂತಾದ ಹಿಮನದಿಗಳ ಓಟ ಹಲವು ಪಟ್ಟು ಜಾಸ್ತಿಯಾಯಿತು. ಇನ್ನೂ ಸ್ವಲ್ಪ ಶೆಲ್ಫ್ ಉಳಿದಿದ್ದ ಕಡೆ, ಅದರ ಹಿಂದಿನ ಹಿಮನದಿಗಳು ಹಾಗೆ ಓಡಲಿಲ್ಲ.

ಹೆಜ್ಜೆ 5: ಅಂಚಿಗೆ ಗೆರೆ ಎಳೆಯಿರಿ

ಹಿಮನದಿ ಹಿಂದೆ ಸರಿಯಿತು ಅಂದರೆ ಹಿಮ ಹಿಂದಕ್ಕೆ ಹೋಯಿತು ಅಂತಲ್ಲ. ಹಿಮ ಯಾವಾಗಲೂ ಮುಂದಕ್ಕೇ ಹರಿಯುತ್ತದೆ. ಬರುವುದಕ್ಕಿಂತ ಮುರಿದು ಕರಗುವುದು ಜಾಸ್ತಿಯಾದಾಗ ಅಂಚು ಹಿಂದೆ ಬೀಳುತ್ತದೆ.

ಗೆರೆ ಎಳೆಯುವಾಗ ಒಂದು ನಿಯಮವನ್ನು ಬಿಡಬೇಡಿ: ಪ್ರತಿವರ್ಷ ಅದೇ ತಿಂಗಳು. ಗ್ರೀನ್‌ಲ್ಯಾಂಡಿನಲ್ಲಿ ಚಳಿಗಾಲಕ್ಕೆ ಅಂಚು ಮುಂದೆ ಬರುತ್ತದೆ, ಬೇಸಿಗೆಗೆ ಹಿಂದೆ ಹೋಗುತ್ತದೆ. ಒಂದು ವರ್ಷದ ಏಪ್ರಿಲ್ಲನ್ನು ಇನ್ನೊಂದು ವರ್ಷದ ಆಗಸ್ಟಿಗೆ ಹೋಲಿಸಿದರೆ ಸುಮ್ನೆ ಗಾಬರಿಯಾಗುತ್ತದೆ. ಅಲ್ಲಿಗೆ ಆಗಸ್ಟ್ ಕೊನೆ, ಅಂಟಾರ್ಕ್ಟಿಕಾಕ್ಕೆ ಫೆಬ್ರುವರಿ ಕೊನೆ ಇಟ್ಟುಕೊಳ್ಳಿ. ಕನಿಷ್ಠ ಹತ್ತು ವರ್ಷದ ಗೆರೆಗಳು ಬೇಕು. ವರ್ಲ್ಡ್‌ವ್ಯೂನಲ್ಲಿ ದೂರ ಅಳೆಯುವ ಸಾಧನವಿದೆ, ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಡುವ ಸೌಲಭ್ಯವೂ ಇದೆ. ಆದರೆ ಅಲ್ಲಿನ ದಿನದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ಸುಮಾರು 250 ಮೀಟರ್. ಸಣ್ಣ ಹಿಮನದಿಗೆ 10 ಮೀಟರ್ ವಿವರ ಕೊಡುವ ಸೆಂಟಿನೆಲ್-2 ಚಿತ್ರವೇ ಬೇಕು.

ಅಲಾಸ್ಕಾದ ಕೊಲಂಬಿಯಾ ಹಿಮನದಿಯಿಂದ ಶುರು ಮಾಡಿದರೆ ಒಳ್ಳೆಯದು. ತಾನೇ ತಳ್ಳಿಕೊಂಡು ಬಂದ ಮಣ್ಣುಕಲ್ಲಿನ ದಿಬ್ಬದ ಮೇಲೆ ಅದು ಬಹಳ ಕಾಲ ಆತುಕೊಂಡು ನಿಂತಿತ್ತು. 1980ರ ಸುಮಾರಿಗೆ ಆ ದಿಬ್ಬದಿಂದ ಹಿಂದೆ ಜಾರಿತು. ಹಿಂದೆ ನೀರು ಆಳ. ಆಳಕ್ಕೆ ಬಿದ್ದ ಮೇಲೆ ತಡೆಯುವುದು ಏನೂ ಇರಲಿಲ್ಲ. 20 ಕಿ.ಮೀ.ಗೂ ಜಾಸ್ತಿ ಹಿಂದೆ ಹೋಯಿತು. ಅದರಿಂದ ಕಳಚಿದ ಬಂಡೆಗಳು ಹಡಗಿನ ದಾರಿಗೂ ತೇಲಿಬಂದವು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ತೈಲ ಹಡಗು ಅಂಥ ಹಿಮವನ್ನು ತಪ್ಪಿಸಲು ದಾರಿ ಬಿಟ್ಟು ಹೋಗಿಯೇ ಬಂಡೆಗಲ್ಲಿಗೆ ತಾಗಿತು.

ನೆಲ ಬಿಡುವ ಗೆರೆ ನೆನಪಿದೆಯಲ್ಲ? ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಆತಂಕ ಇರುವುದು ಅಲ್ಲೇ. ಅದರ ಅಗಲ ಸುಮಾರು 120 ಕಿ.ಮೀ. ಒಳನಾಡಿಗೆ ಹೋದಂತೆ ಅದರ ತಳ ಇಳಿಜಾರಾಗಿ ಇನ್ನೂ ಆಳಕ್ಕೆ ಹೋಗುತ್ತದೆ. ಬೆಚ್ಚಗಿನ ಆಳನೀರು ಗೆರೆಯನ್ನು ಹಿಂದಕ್ಕೆ ತಳ್ಳಿದಷ್ಟೂ ಅಲ್ಲಿ ಸಿಗುವ ಹಿಮ ದಪ್ಪವಾಗುತ್ತದೆ. ದಪ್ಪವಾದಷ್ಟೂ ಅದು ಬೇಗ ಹೊರಗೆ ಹರಿಯುತ್ತದೆ. ಥ್ವೇಟ್ಸ್ ಪೂರ್ತಿ ಹೋದರೆ ಸಮುದ್ರದ ಮಟ್ಟ 60 ಸೆಂ.ಮೀ.ಗೂ ಹೆಚ್ಚು ಏರುತ್ತದೆ. ಅದಕ್ಕೆ ಒಂದು ದಿನ, ಒಂದು ವರ್ಷ ಸಾಲದು. ಆದರೆ ಈ ಗೆರೆ ಉಪಗ್ರಹದ ಸಾಮಾನ್ಯ ಫೋಟೊದಲ್ಲಿ ಕಾಣುವುದಿಲ್ಲ. ಉಬ್ಬರ ಇಳಿತಕ್ಕೆ ಹಿಮ ಎಲ್ಲಿಂದ ಏರಿಳಿಯಲು ಶುರು ಮಾಡುತ್ತದೆ ಅಂತ ರೇಡಾರಿನಿಂದ ಅಳೆದು ಪತ್ತೆ ಹಚ್ಚುತ್ತಾರೆ.

ನೀವು ಎಳೆದ ಅಂಚಿನ ಗೆರೆಗಳು ಯಾವಾಗಲೂ ಒಂದೇ ಕಡೆಗೆ ಓಡುವುದಿಲ್ಲ ಅನ್ನುವುದಕ್ಕೆ ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ ಹಿಮನದಿ ನೋಡಿ. 2000ದ ನಂತರದ ಕೆಲವೇ ವರ್ಷಗಳಲ್ಲಿ ಅದರ ತೇಲುವ ನಾಲಿಗೆ ಚೂರಾಯಿತು, ಓಟ ಇಮ್ಮಡಿಯಾಯಿತು. 2012ರ ಬೇಸಿಗೆಯಲ್ಲಿ ದಿನಕ್ಕೆ 40 ಮೀಟರಿಗೂ ಜಾಸ್ತಿ ಓಡಿತು. ಆದರೆ 2016ರಿಂದ ಕೆಲವು ವರ್ಷ ಅಲ್ಲಿಗೆ ತಣ್ಣಗಿನ ನೀರು ಬಂತು. ಹಿಮನದಿ ನಿಧಾನವಾಯಿತು, ಅಂಚು ಮುಂದೆಯೂ ಬಂತು. ಸಮುದ್ರದ ನೀರಿನ ಕಾವು ಇದರಲ್ಲಿ ಎಷ್ಟು ದೊಡ್ಡ ಪಾತ್ರಧಾರಿ ಅನ್ನುವುದು ಇದರಿಂದಲೇ ಗೊತ್ತಾಯಿತು.

ಹೆಜ್ಜೆ 6: ಬಂಡೆಯ ಬೆನ್ನು ಹತ್ತಿ

ಹೆಸರನ್ನು ಓದುವುದು ಸುಲಭ. ಅಂಟಾರ್ಕ್ಟಿಕಾವನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಭಾಗ ಮಾಡಿದ್ದಾರೆ. ಬಂಡೆ ಮೊದಲು ಕಂಡ ಭಾಗದ ಅಕ್ಷರ, ಆಮೇಲೆ ಸರದಿ ಸಂಖ್ಯೆ. ಅದು ತುಂಡಾದರೆ ತುಂಡಿಗೆ ಇನ್ನೊಂದು ಅಕ್ಷರ. ಅಮೆರಿಕದ ನ್ಯಾಷನಲ್ ಐಸ್ ಸೆಂಟರ್ ಈ ಹೆಸರು ಕೊಡುತ್ತದೆ.

ಎ23ಎ ನನಗೆ ತುಂಬಾ ಹತ್ತಿರವಾದ ಬಂಡೆ. 1986ರಲ್ಲಿ ಫಿಲ್ಕ್‌ನರ್ ಐಸ್ ಶೆಲ್ಫಿನಿಂದ ಕಳಚಿದ ಹಿಮದ ತುಂಡು ಅದು. ಸೋವಿಯತ್ ಒಕ್ಕೂಟದ ದ್ರುಜ್ನಾಯಾ ಅನ್ನುವ ಸಂಶೋಧನಾ ನೆಲೆಯೂ ಅದರ ಮೇಲೇ ಉಳಿಯಿತು. ಸ್ವಲ್ಪ ದೂರ ಹೋಗಿ ವೆಡೆಲ್ ಸಮುದ್ರದ ತಳಕ್ಕೆ ಕಚ್ಚಿಕೊಂಡು 30 ವರ್ಷಕ್ಕೂ ಜಾಸ್ತಿ ನಿಂತುಬಿಟ್ಟಿತು. 2020ರ ಹೊತ್ತಿಗೆ ಹಿಡಿತ ಬಿಟ್ಟು ಹೊರಟಿತು. 2024ರಲ್ಲಿ ಸುಳಿಯೊಂದಕ್ಕೆ ಸಿಕ್ಕಿ ಇದ್ದಲ್ಲೇ ತಿಂಗಳುಗಟ್ಟಲೆ ಗಿರಗಿರ ತಿರುಗಿತು. 2025ರ ಮಾರ್ಚ್‌ನಲ್ಲಿ ಸೌತ್ ಜಾರ್ಜಿಯಾ ದ್ವೀಪದ ಹತ್ತಿರ ಮತ್ತೆ ತಳಕ್ಕೆ ತಾಗಿತು. ಅಲ್ಲಿಂದಾಚೆ ಅದರ ಅಂಚುಗಳು ಒಂದೊಂದಾಗಿ ಕಳಚತೊಡಗಿದವು. ದಿನಾಂಕವನ್ನು ವಾರಕ್ಕೊಂದರಂತೆ ಮುಂದೆ ಸರಿಸುತ್ತಾ ಹೋಗಿ, ದೊಡ್ಡ ಬಂಡೆಯ ಸುತ್ತ ಬಿಳಿ ಚುಕ್ಕೆಗಳು ಹರಡುವುದು ಕಾಣುತ್ತದೆ. ಪ್ರತಿ ಚುಕ್ಕೆಯೂ ಒಂದು ಹಿಮಬಂಡೆ.

ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಸಾಕು: ದಿನಾಂಕ, ಯಾವ ಉಪಗ್ರಹ, ಅಂಚು ಎಲ್ಲಿದೆ, ಹೊಂಡ ಕಂಡಿತೋ ಇಲ್ಲವೋ. ಮೋಡ ಮುಚ್ಚಿದ ದಿನ ಸುಮ್ಮನೆ ಮೋಡ ಅಂತ ಬರೆದು ಮುಂದಿನ ದಿನಕ್ಕೆ ಹೋಗಿ.