ಫಾರ್ಮ್ಯಾಟ್ ಮಾಡದೆ ವೈರಸ್ ತೆಗೆದದ್ದು: ನನ್ನ ಅನುಭವ

ಸಂಶಯದ ಇಎಕ್ಸ್‌ಇ (ತೆರೆದೊಡನೆ ಓಡುವ ಪ್ರೋಗ್ರಾಮ್) ಕಡತ ಸಿಕ್ಕಿತೆಂದರೆ ಡಿಸ್ಕ್ ಫಾರ್ಮ್ಯಾಟ್ ಮಾಡುವುದೊಂದೇ ದಾರಿ ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಲೇ ಬಂದಿದ್ದಾರೆ. ಕಳೆದ ಒಂದೂವರೆ ವರ್ಷದಲ್ಲಿ ಸುಮಾರು 40 ವಿಂಡೋಸ್ ಯಂತ್ರಗಳನ್ನು ನಾನು ಹಾಗೆ ಮಾಡದೆಯೇ ಸರಿಪಡಿಸಿದ್ದೇನೆ. ಅದೇ ತೊಂದರೆಯೊಂದಿಗೆ ಮರಳಿ ಬಂದದ್ದು ಎರಡೋ ಮೂರೋ ಇರಬಹುದು.

ಇಷ್ಟು ಕಲಿಯಲು ತೆತ್ತದ್ದು ಕಡಿಮೆಯಲ್ಲ. ಒಂದು ಯಂತ್ರದಲ್ಲಿ ವಿಂಡೋಸ್‌ನ ಸೇವೆಗಳನ್ನು ನಡೆಸುವ 'ಎಸ್‌ವಿಸಿಹೋಸ್ಟ್' ಎಂಬ ಅಸಲಿ ಕಡತದ ಹೆಸರಿನಲ್ಲಿ ವಿ ಮತ್ತು ಸಿ ಅಕ್ಷರಗಳು ಅದಲುಬದಲಾಗಿದ್ದ ಕಡತವೊಂದು ಪ್ರೋಗ್ರಾಮುಗಳು ಬಳಕೆದಾರರ ಮಾಹಿತಿ ಇಡುವ ಆಪ್‌ಡೇಟಾ ಫೋಲ್ಡರಿನಿಂದ ಓಡುತ್ತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ನಿಲ್ಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹುಟ್ಟುತ್ತಿತ್ತು. ಕೈಯಿಂದ ಹಣ ಹಾಕಿ ಎರಡು ಆಂಟಿವೈರಸ್ ಲೈಸೆನ್ಸ್ ಕೊಂಡರೂ ಎರಡೂ ಅದನ್ನು ಹಿಡಿಯಲಿಲ್ಲ. ಮೂರನೆಯ ದಿನ ಸೋತು ಫಾರ್ಮ್ಯಾಟ್ ಮಾಡಿದೆ. ಒಂದೇ ವಾರದಲ್ಲಿ ಅದೇ ಕಡತ ಮರಳಿತು. ನಾನೇ ತೆಗೆದಿಟ್ಟಿದ್ದ ಬ್ಯಾಕಪ್‌ನಲ್ಲಿ ಫೋಲ್ಡರಿನ ಐಕಾನ್ ಧರಿಸಿದ ಇಎಕ್ಸ್‌ಇ ಇತ್ತು, ವಿಂಡೋಸ್ ಅದರ ಎಕ್ಸ್‌ಟೆನ್ಶನ್ ಅನ್ನು (ಹೆಸರಿನ ಕೊನೆಯಲ್ಲಿ ಕಡತದ ಬಗೆ ಹೇಳುವ ಭಾಗವನ್ನು) ಮರೆಮಾಡಿತ್ತು, ಮಾಲೀಕರು ಫೋಟೋಗಳೆಂದುಕೊಂಡು ಅದನ್ನು ತೆರೆದಿದ್ದರು. ಆ ಕೆಲಸಕ್ಕೆ ಕೂಲಿ ಕೇಳಲು ನನಗೆ ಬಾಯಿ ಬರಲಿಲ್ಲ.

ಈಗ ನಾನು ಮೊದಲು ನೆಟ್‌ವರ್ಕ್ ಕೇಬಲ್ ಕೀಳುತ್ತೇನೆ, ಅನಂತರ ಪ್ರೊಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮುಗಳನ್ನು, ಯಾವುದು ಯಾವುದನ್ನು ಹುಟ್ಟಿಸಿತು ಎಂಬುದರೊಂದಿಗೆ ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆಯುತ್ತೇನೆ. ಅಸಲಿ ಎಸ್‌ವಿಸಿಹೋಸ್ಟ್ ಸಾಮಾನ್ಯವಾಗಿ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿದ್ದು ಸರ್ವೀಸಸ್ ಪ್ರೊಸೆಸ್‌ನ ಮಗುವಾಗಿ ಕಾಣುತ್ತದೆ. ನಕಲಿಯ ಹುಟ್ಟು ಬೇರೆ ಕಡೆ ಇರುತ್ತದೆ. ಒಂದನ್ನೊಂದು ಕಾಯುವ ಜೋಡಿ ಪ್ರೊಸೆಸ್‌ಗಳಿದ್ದರೆ ಒಂದನ್ನು ಕೊಂದಾಗ ಇನ್ನೊಂದು ಅದನ್ನು ಎಬ್ಬಿಸುತ್ತದೆ, ಆದ್ದರಿಂದ ಎರಡನ್ನೂ ಮೊದಲು ಸಸ್ಪೆಂಡ್ ಮಾಡಿ ಸ್ತಬ್ಧಗೊಳಿಸಿ, ಆಮೇಲೆ ಒಂದೊಂದಾಗಿ ಕೊನೆಗಾಣಿಸುತ್ತೇನೆ. ನಾನು ಗೆದ್ದದ್ದು ಇದರಿಂದಲೇ. ಬಳಿಕ ತಾವಾಗಿ ಶುರುವಾಗುವ ಪ್ರೋಗ್ರಾಮುಗಳನ್ನು ಪಟ್ಟಿಮಾಡುವ ಆಟೋರನ್ಸ್‌ನಲ್ಲಿ, ನಕಲಿಯನ್ನು ಮತ್ತೆ ಎಬ್ಬಿಸುವ ರನ್ ಕೀಗಳನ್ನೂ (ಲಾಗಿನ್ ಆದಾಗ ಓಡಿಸುವ ರಿಜಿಸ್ಟ್ರಿ ನಮೂದುಗಳು) ಶೆಡ್ಯೂಲ್ಡ್ ಟಾಸ್ಕ್‌ಗಳನ್ನೂ (ನಿಗದಿತ ಹೊತ್ತಿಗೆ ಓಡುವ ಕೆಲಸಗಳು) ತೆಗೆದುಹಾಕುತ್ತೇನೆ. ಅಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವ ಜಾಗವೊಂದಿದೆ. ಹೊಟ್ಟೆಪಾಡಿನ ವಿಷಯವಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ನಾನೇ ಬರೆದ ನಿರಪಾಯಕಾರಿ ಪ್ರೋಗ್ರಾಮನ್ನು, ಇಎಕ್ಸ್‌ಇ ಕಡತಗಳನ್ನು ಚಿಕ್ಕದಾಗಿಸುವ ಯುಪಿಎಕ್ಸ್‌ನಿಂದ ಕುಗ್ಗಿಸಿ, ಹಲವು ಆಂಟಿವೈರಸ್‌ಗಳಲ್ಲಿ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಕೊಟ್ಟಾಗ ಎಪ್ಪತ್ತರಷ್ಟು ಎಂಜಿನ್‌ಗಳಲ್ಲಿ ಐದಾರು ಅದನ್ನು ವೈರಸ್ ಎಂದವು. ಆದ್ದರಿಂದ ಎರಡು ಮೂರು ಕೆಂಪು ಗುರುತುಗಳನ್ನು ಕಂಡು ನಾನು ತೀರ್ಪು ಕೊಡುವುದಿಲ್ಲ. ಕಡತ ಯಾರದೆಂದು ಹೇಳುವ ಡಿಜಿಟಲ್ ಸಹಿಯನ್ನೂ ಪೂರ್ತಿ ನಂಬುವುದಿಲ್ಲ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಡ್ರೈವರುಗಳಿಗೆ ಕದ್ದ ಸರ್ಟಿಫಿಕೇಟಿನ ಸಹಿಯಿತ್ತು. ಗ್ರಾಹಕರ ಕಡತವನ್ನಂತೂ ವೈರಸ್‌ಟೋಟಲ್‌ಗೆ ಕಳಿಸುವುದೇ ಇಲ್ಲ, ಅದರ ಶಾ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ತೆಗೆದು ಅದನ್ನಷ್ಟೇ ಹುಡುಕುತ್ತೇನೆ.

ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಅಥವಾ ವ್ಯವಸ್ಥೆಯ ಆಳದಲ್ಲಿ ಅಡಗುವ ರೂಟ್‌ಕಿಟ್ ಹೊಕ್ಕ ಯಂತ್ರಗಳಿಗೆ ಈ ವಿಧಾನ ಸಲ್ಲದು, ಅಂಥವನ್ನು ನಾನೂ ಫಾರ್ಮ್ಯಾಟ್ ಮಾಡುತ್ತೇನೆ. ಆದರೆ ಬ್ಯಾಕಪ್‌ನ ಕಡತಗಳನ್ನು ಮರಳಿ ಹಾಕುವ ಮೊದಲು ಅವುಗಳ ಮೊದಲ ಎರಡು ಬೈಟ್‌ಗಳನ್ನು ಬೈಟ್‌ಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನೋಡುತ್ತೇನೆ: ಇಎಕ್ಸ್‌ಇ ಕಡತಗಳು 'ಎಂ ಝೆಡ್' ಎಂಬ ಅಕ್ಷರಗಳಿಂದ ಶುರುವಾಗುತ್ತವೆ, ಫೋಟೋ ಎಂಬ ಹೆಸರಿನ ಕಡತವೂ ಹಾಗೆ ಆರಂಭವಾದರೆ ಅದು ಫೋಟೋ ಅಲ್ಲ.