ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ಕೌನ್ಸೆಲರ್ ಆಗಬೇಕೆ? ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಓದಿ

ಬೆಂಗಳೂರಿನಲ್ಲಿ ಸೈಕಾಲಜಿ ಎಂ.ಎಸ್ಸಿ. ಮುಗಿಸಿ, ನಾಲ್ಕಾರು ವರ್ಷ ಶಾಲೆಯಲ್ಲಿ ಆಪ್ತಸಮಾಲೋಚಕರಾಗಿದ್ದು, ಆಮೇಲೆ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಗೆ ಹೋದವರು ಒಂದೇ ತಪ್ಪನ್ನು ಒಬ್ಬರಾದ ಮೇಲೊಬ್ಬರು ಮಾಡುತ್ತಿದ್ದಾರೆ. ಹೆಸರಿನಲ್ಲಿ ಕೌನ್ಸೆಲಿಂಗ್ ಇದ್ದರೆ ಸಾಕು ಎಂದು ಸಿಕ್ಕಿದ ಮಾಸ್ಟರ್ಸ್‌ಗೆ ಸೇರುತ್ತಾರೆ. ಎರಡು ಮೂರು ವರ್ಷ ಕಳೆದು ಫೀಸೆಲ್ಲ ಕಟ್ಟಿಯಾದ ಮೇಲೆ, ಆ ಪದವಿಗೆ ಸರ್ಕಾರಿ ಶಾಲೆಯ ಕೌನ್ಸೆಲರ್ ಹುದ್ದೆ ಸಿಗುವುದಿಲ್ಲ ಎಂದು ಗೊತ್ತಾಗುತ್ತದೆ.

ಕಾರಣ ಇಷ್ಟು: ಅಲ್ಲಿ ಕ್ಲಿನಿಕ್ಕಿಗೂ ಶಾಲೆಗೂ ಬೇರೆ ಬೇರೆ ಇಲಾಖೆ. ಎಲ್‌ಎಂಎಫ್‌ಟಿ (ದಾಂಪತ್ಯ, ಕುಟುಂಬ ಚಿಕಿತ್ಸಕರದು), ಎಲ್‌ಪಿಸಿಸಿ (ಕ್ಲಿನಿಕಲ್ ಕೌನ್ಸೆಲರ್‌ದು) ಎಂಬ ಲೈಸೆನ್ಸ್‌ಗಳನ್ನು ಕೊಡುವುದು ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್. ಪದವಿಯ ಜೊತೆಗೆ 3000 ಗಂಟೆ ಮೇಲ್ವಿಚಾರಣೆಯ ಕೆಲಸವನ್ನೂ ಅದು ಕೇಳುತ್ತದೆ. ಶಾಲೆಯ ಕೌನ್ಸೆಲರ್‌ಗೆ ಬೇಕಾದದ್ದು ಪ್ಯೂಪಿಲ್ ಪರ್ಸನೆಲ್ ಸರ್ವಿಸಸ್ ಕ್ರೆಡೆನ್ಷಿಯಲ್ ಎಂಬ ಅರ್ಹತಾಪತ್ರ. ಎಲ್ಲರ ಬಾಯಲ್ಲೂ ಅದು ಪಿಪಿಎಸ್. ಕೊಡುವುದು ಕಮಿಷನ್ ಆನ್ ಟೀಚರ್ ಕ್ರೆಡೆನ್ಷಿಯಲಿಂಗ್. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ. ಖಾಸಗಿ ಶಾಲೆಗಳಿಗೆ ಈ ಕಟ್ಟು ಇಲ್ಲ, ಆದರೆ ಹುದ್ದೆಗಳು ಹೆಚ್ಚಿರುವುದು ಸರ್ಕಾರಿ ಶಾಲೆಗಳಲ್ಲೇ.

ಹಾಗಾಗಿ ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ಒಂದೇ ಪ್ರಶ್ನೆ ಕೇಳಿ: ಈ ಕೋರ್ಸ್ ಮುಗಿಸಿದವರನ್ನು ಸ್ಕೂಲ್ ಕೌನ್ಸೆಲಿಂಗ್ ಪಿಪಿಎಸ್‌ಗೆ ನೀವೇ ಶಿಫಾರಸು ಮಾಡುತ್ತೀರಾ? ಉತ್ತರ ಬರಹದಲ್ಲೇ ಬರಲಿ. "ನಮಗೆ ಕೇಕ್ರೆಪ್ (ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ) ಮಾನ್ಯತೆ ಇದೆ" ಎಂದರೆ ಅದು ಉತ್ತರವಲ್ಲ. ಅದು ಒಳ್ಳೆಯ ಮಾನ್ಯತೆಯೇ, ಆದರೆ ಪಿಪಿಎಸ್‌ಗೆ ಕಮಿಷನ್ನಿನ ಒಪ್ಪಿಗೆಯೇ ಬೇಕು. ಕ್ಲಿನಿಕಲ್ ಕೋರ್ಸಿಗೆ ಈಗಾಗಲೇ ಸೇರಿದ್ದರೆ, ಪಿಪಿಎಸ್ ವಿಷಯಗಳನ್ನು ಅದರ ಜೊತೆಗೇ ಸೇರಿಸಿಕೊಳ್ಳಬಹುದೇ ಎಂದು ಈಗಲೇ ಕೇಳಿ. ಪದವಿ ಆದ ಮೇಲೆ ಪ್ರತ್ಯೇಕವಾಗಿ ಮಾಡಲು ಹೊರಟರೆ ಮತ್ತೆ ಫೀಸು, ಮತ್ತೆ ಶಾಲೆಯಲ್ಲಿ ಗಂಟೆಗಳ ಲೆಕ್ಕ.

ಆ ಲೆಕ್ಕ ಸಣ್ಣದಲ್ಲ. ಬಿ.ಎ., ಬಿ.ಎಸ್ಸಿ.ಯಂಥ ಮೊದಲ ಪದವಿಯ ನಂತರ 48 ಸೆಮಿಸ್ಟರ್ ಯೂನಿಟ್ (ಅಂದರೆ ಕ್ರೆಡಿಟ್) ಓದು, 100 ಗಂಟೆ ಪ್ರಾಕ್ಟಿಕಮ್ ಎಂಬ ಆರಂಭದ ಅಭ್ಯಾಸ, 800 ಗಂಟೆ ಶಾಲೆಯೊಳಗಿನ ಫೀಲ್ಡ್‌ವರ್ಕ್. ಅದೂ ಪ್ರಾಥಮಿಕ, ಮಿಡ್ಲ್, ಹೈಸ್ಕೂಲ್ ಈ ಮೂರರಲ್ಲಿ ಕನಿಷ್ಠ ಎರಡು ಹಂತಗಳಲ್ಲಿ, ಒಂದೊಂದರಲ್ಲೂ 200 ಗಂಟೆಗೆ ಕಡಿಮೆಯಿಲ್ಲದಂತೆ. ಮಕ್ಕಳಿಗೆ ಬುದ್ಧಿಮಟ್ಟದ ಪರೀಕ್ಷೆ ಮಾಡುವ ಸ್ಕೂಲ್ ಸೈಕಾಲಜಿಸ್ಟ್ ಹುದ್ದೆ ಬೇರೆಯೇ. ಅದಕ್ಕೆ 60 ಯೂನಿಟ್, 1200 ಗಂಟೆ.

ನಮ್ಮಲ್ಲಿ ಸಿಬಿಎಸ್ಇ ಶಾಲೆಗೆ ಸೈಕಾಲಜಿ ಪದವಿ ಇದ್ದರೂ ಕೌನ್ಸೆಲರ್ ಆಗಬಹುದು. ಒಂದು ದಿನವೂ ಶಾಲೆಯಲ್ಲಿ ತರಬೇತಿ ಪಡೆಯದವರ ಮುಂದೆ ಹದಿನಾಲ್ಕರ ಹುಡುಗಿಯನ್ನು ಕೂರಿಸುವುದು ಸರಿಯಲ್ಲ. ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಪದ್ಧತಿಯೇ ಮೇಲು. ಆದರೆ ಮಲ್ಲೇಶ್ವರದ ಶಾಲೆಯೊಂದರಲ್ಲಿ ಎಂಟು ವರ್ಷ ಮಕ್ಕಳ ಅಳಲು ಕೇಳಿದವರನ್ನೂ ಅದು ಹೊಸಬರ ಸಾಲಿನಲ್ಲೇ ನಿಲ್ಲಿಸುತ್ತದೆ. ಅದು ಅನ್ಯಾಯ.

ಇಲ್ಲಿಂದ ಹೊರಡುವ ಮುಂಚೆ ಟ್ರಾನ್ಸ್‌ಕ್ರಿಪ್ಟ್ ತೆಗೆದುಕೊಳ್ಳಿ, ಓದಿದ ವರ್ಷಗಳ ಸಿಲಬಸ್‌ಗೂ ಸೀಲು ಹಾಕಿಸಿಕೊಳ್ಳಿ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾಯಿತು. ನಿಮ್ಮ ಕಾಲೇಜು ಈಗ ಯಾವುದಕ್ಕೆ ಸೇರಿದೆ ಎಂಬುದಲ್ಲ, ಅಂಕಪಟ್ಟಿಯ ಮೇಲೆ ಯಾವ ಹೆಸರಿದೆಯೋ ಅಲ್ಲಿಗೇ ಹೋಗಿ. ನಿಮ್ಮ ಪದವಿ ಅಮೆರಿಕದ ಯಾವ ಪದವಿಗೆ ಸಮ ಎಂಬ ಮೌಲ್ಯಮಾಪನ ಮಾಡಿಸುವಾಗ ಕಮಿಷನ್ ಒಪ್ಪಿದ ಸಂಸ್ಥೆಗಳ ಪಟ್ಟಿಯಿಂದಲೇ ಆರಿಸಿ, ವಿಷಯವಾರು ವರದಿಯನ್ನೇ ಕೇಳಿ. ಅಗ್ಗದ ಸಾಮಾನ್ಯ ವರದಿ ತೆಗೆದುಕೊಂಡರೆ ಎರಡನೇ ಸಲ ದುಡ್ಡು ಕಟ್ಟಬೇಕಾಗುತ್ತದೆ.

ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಬಹುದು, ಆದರೆ ಕೆಲಸದ ಅನುಮತಿ ಇಲ್ಲದೆ ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಫೀಲ್ಡ್‌ವರ್ಕ್‌ಗೆ ಮುಂಚೆ ಬೆರಳಚ್ಚು ಕೊಟ್ಟು ಸರ್ಟಿಫಿಕೇಟ್ ಆಫ್ ಕ್ಲಿಯರೆನ್ಸ್ ಎಂಬ ಹಿನ್ನೆಲೆ ಪರಿಶೀಲನೆಯ ಪತ್ರ ಪಡೆಯಬೇಕು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರಿದ್ದರೆ, ಎರಡೂ ಒಬ್ಬರೇ ಎಂದು ಇಲ್ಲಿಯೇ ನೋಟರಿಯಿಂದ ಅಫಿಡವಿಟ್ ಮಾಡಿಸಿ ಕೈಯಲ್ಲಿಟ್ಟುಕೊಂಡು ವಿಮಾನ ಹತ್ತಿ.