404ರ ಹಿಂದೆ ಎರಡು ದಿನ

ಬದಿಯಡ್ಕದ ಒಬ್ಬ ಅಡಿಕೆ ವ್ಯಾಪಾರಿಗೆ ಹತ್ತು ವರ್ಷದ ಹಿಂದೆ ಜಾವಾದಲ್ಲಿ ಬಿಲ್ಲಿಂಗ್ ಆ್ಯಪ್ ಬರೆದುಕೊಟ್ಟಿದ್ದೆ. ಹಳೆಯ ಸ್ಪ್ರಿಂಗ್, ಅಂದರೆ ಜಾವಾ ಆ್ಯಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು. ಅದರ ಸೆಟ್ಟಿಂಗುಗಳನ್ನು ಬರೆದ ಎಕ್ಸ್‌ಎಂಎಲ್ ಫೈಲುಗಳೇ ಹನ್ನೊಂದು. ಸಣ್ಣ ಬದಲಾವಣೆಗೂ ಇಡೀ ಆ್ಯಪನ್ನು ವಾರ್ ಎಂಬ ಒಂದೇ ಫೈಲ್ ಮಾಡಿ, ಅದನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ಗೆ ಹಾಕಬೇಕು. ಅಷ್ಟರಲ್ಲಿ ಕರೆಂಟು ಹೋಗಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಅದು ಸಣ್ಣ ಮಾತಲ್ಲ.

ಈ ಸಲ ಸ್ಪ್ರಿಂಗ್ ಬೂಟ್ 3ಕ್ಕೆ ಬದಲಾಯಿಸಿದೆ. ಅದೇ ಸ್ಪ್ರಿಂಗ್, ಆದರೆ ಹೆಚ್ಚಿನ ಸೆಟ್ಟಿಂಗನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಕಡಿಮೆ ಎಂದರೂ ಜಾವಾ 17 ಬೇಕು. ಹೆಸರು ಬದಲಾದ್ದರಿಂದ ಕೋಡಿನ ಇಂಪೋರ್ಟು ಸಾಲುಗಳಲ್ಲಿ ‘ಜಾವಾಕ್ಸ್ ಸರ್ವ್‌ಲೆಟ್’ ಇದ್ದಲ್ಲೆಲ್ಲ ‘ಜಕಾರ್ತಾ ಸರ್ವ್‌ಲೆಟ್’ ಮಾಡಿದೆ. ಟಾಮ್‌ಕ್ಯಾಟ್ ಈಗ ಆ್ಯಪಿನ ಜಾರ್ ಫೈಲ್ ಒಳಗೇ ಬರುತ್ತದೆ, ಒಂದೇ ಕಮಾಂಡಿಗೆ ಆ್ಯಪ್ ಎದ್ದಿತು.

ಆದರೆ ಯಾವ ಪುಟ ತೆರೆದರೂ 404, ಅಂದರೆ ‘ಪುಟ ಸಿಗಲಿಲ್ಲ’! ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಪೋರ್ಟು, ಯುಆರ್‌ಎಲ್ ಅಂತ ಸುಮ್ನೆ ಎರಡು ದಿನ ಹುಡುಕಿದೆ.

ತಪ್ಪು ಇದ್ದದ್ದು ಪ್ಯಾಕೇಜಿನಲ್ಲಿ, ಅಂದರೆ ಕೋಡ್ ಇಡುವ ಫೋಲ್ಡರಿನಲ್ಲಿ. ಆ್ಯಪ್ ಶುರುವಾಗುವ ಮೇನ್ ಕ್ಲಾಸನ್ನು ‘ಆ್ಯಪ್’ ಎಂಬ ಪ್ಯಾಕೇಜಿನಲ್ಲಿ ಇಟ್ಟಿದ್ದೆ, ಪುಟ ಕೇಳಿದಾಗ ಉತ್ತರ ಕೊಡುವ ಕಂಟ್ರೋಲರುಗಳು ಪಕ್ಕದ ‘ವೆಬ್’ನಲ್ಲಿದ್ದವು. ಮೇನ್ ಕ್ಲಾಸ್ ಇರುವ ಪ್ಯಾಕೇಜು, ಅದರ ಕೆಳಗಿನವು, ಇಷ್ಟನ್ನೇ ಬೂಟ್ ತಾನಾಗಿ ಹುಡುಕುತ್ತದೆ. ಪಕ್ಕದ ಮನೆಗೆ ಇಣುಕುವುದಿಲ್ಲ. ಮೊದಲಾದರೆ ಎಕ್ಸ್‌ಎಂಎಲ್‌ನಲ್ಲಿ ನಾನೇ ಪ್ಯಾಕೇಜಿನ ಹೆಸರು ಬರೆಯುತ್ತಿದ್ದೆ, ಅಲ್ವಾ? ಮೇನ್ ಕ್ಲಾಸನ್ನು ಒಂದು ಹಂತ ಮೇಲಕ್ಕೆ ತಂದೆ. ರಶೀದಿ ಪುಟ ತೆರೆಯಿತು.

ವ್ಯಾಪಾರಿ ನೋಡಿ ಹೇಳಿದ್ದು ಇಷ್ಟೇ: “ಎಂತ ಮಾರಾಯ್ರೆ, ಮೊದಲಿನ ಹಾಗೆಯೇ ಉಂಟಲ್ಲ!”